ಇಳಿಜಾರಿನ ನೋವು

ಅಭ್ಯಾಸ ತಪ್ಪಿದ ಮೈಗೆ ಒಮ್ಮೆಲೇ ಕೆಲಸ ಬಿದ್ದರೆ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಹರಿಯುತ್ತವೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹರುಕು. ಮಾರನೆಯ ದಿನ ಏಳುವ ಮೈಕೈ ನೋವು ಅದರದೇ ಗುರುತು. ದಣಿವಿಗೂ ಇದಕ್ಕೂ ಸಂಬಂಧ ಕಡಿಮೆ. ದಣಿವು ಕೆಲಸದ ನಡುವೆಯೇ ಬರುತ್ತದೆ, ನೆರಳಲ್ಲಿ ಕೂತು ಸುಧಾರಿಸಿಕೊಂಡರೆ ಹೋಗುತ್ತದೆ. ಈ ನೋವು ಮಾತ್ರ ತಡವಾಗಿ ಬರುತ್ತದೆ. ಕೆಲಸ ಮುಗಿದ ಸಂಜೆ ಅದರ ಸುಳಿವೂ ಇರುವುದಿಲ್ಲ. ಮಾರನೆಯ ದಿನ ಎದ್ದು, 24ರಿಂದ 72 ಗಂಟೆಗಳ ನಡುವೆ ಎಲ್ಲೋ ಒಂದು ಕಡೆ ನೆತ್ತಿಗೇರಿ, ವಾರದೊಳಗೆ ಇಳಿಯುತ್ತದೆ. ಇಪ್ಪತ್ತೈದರ ಹುಡುಗನಲ್ಲಿ ಈ ಹರುಕು ಕೂಡಿಕೊಳ್ಳುವ ಬಗೆಗೂ ಅರವತ್ತೈದರವರಲ್ಲಿ ಕೂಡಿಕೊಳ್ಳುವ ಬಗೆಗೂ ವ್ಯತ್ಯಾಸವಿದೆ. ಆ ವ್ಯತ್ಯಾಸ ಜನ ಎಣಿಸಿರುವ ಜಾಗದಲ್ಲಿ ಇಲ್ಲ.

ಯಾವ ಕೆಲಸಕ್ಕೆ ಎಳೆ ಹೆಚ್ಚು ಹರಿಯುತ್ತದೆ ಎನ್ನುವಲ್ಲೂ ಊಹೆ ತಪ್ಪುತ್ತದೆ. ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋದವರು ಕಲ್ಲು ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾರೆ, ಬಸವನ ಬಾಯಿಂದ ಬೀಳುವ ನೀರಿಗೆ ಮುಖವೊಡ್ಡಿ ದಣಿವಾರಿಸಿಕೊಳ್ಳುತ್ತಾರೆ, ಇಳಿಯುವಾಗ ಮಾತಾಡಿಕೊಂಡು ಸಲೀಸಾಗಿ ಇಳಿಯುತ್ತಾರೆ. ಎರಡು ದಿನದ ಮೇಲೆ ತೊಡೆ ಹಿಡಿದುಕೊಂಡಾಗ ಹತ್ತಿದ್ದನ್ನು ಬೈಯುತ್ತಾರೆ. ತಪ್ಪು ಇಳಿದದ್ದರದು. ಹತ್ತುವಾಗ ತೊಡೆಯ ಸ್ನಾಯು ಕುಗ್ಗಿ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಮೈ ಭಾರ ಧೊಪ್ಪನೆ ಬೀಳದಂತೆ ತಡೆ ಹಿಡಿಯುತ್ತ, ಹಿಡಿದುಕೊಂಡೇ ಉದ್ದವಾಗುತ್ತದೆ. ಬಾವಿಗೆ ಕೊಡ ಇಳಿಸುವವರು ಹಗ್ಗವನ್ನು ಬಿಗಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಜಾರಲು ಬಿಡುವ ಹಾಗೆ. ಕುಗ್ಗುತ್ತ ಮಾಡುವ ಕೆಲಸಕ್ಕೆ ಉಸಿರು ಹೆಚ್ಚು ಬೇಕು, ಉದ್ದವಾಗುತ್ತ ಮಾಡುವ ಕೆಲಸಕ್ಕೆ ಉಸಿರು ಕಡಿಮೆ ಸಾಕು, ಆದರೆ ಎಳೆಯ ಮೇಲೆ ಬೀಳುವ ಜಗ್ಗು ಹೆಚ್ಚು. ದಣಿವು ಕಾಣದ ಕೆಲಸವೇ ಗಾಯ ಮಾಡುತ್ತದೆ.

ಈ ತಡವಾದ ನೋವನ್ನು ಕ್ರಮವಾಗಿ ಅಳೆದು ಬರೆದ ಮೊದಲಿಗರಲ್ಲಿ ಅಮೆರಿಕದ ಶರೀರವಿಜ್ಞಾನಿ ಥಿಯೊಡೋರ್ ಹಫ್ ಒಬ್ಬ. ಅವನ ಲೇಖನ ಬಂದದ್ದು 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಬಂದ ವರ್ಷವೇ. ಸ್ನಾಯುವಿನೊಳಗೆ ಎಲ್ಲೋ ಹರಿದಿರಬೇಕು ಎಂದು ಹಫ್ ಆಗಲೇ ಹೇಳಿದ್ದ. ಆಮೇಲೆ ಲ್ಯಾಕ್ಟಿಕ್ ಆಮ್ಲದ ಕತೆ ಹಬ್ಬಿತು. ಸ್ನಾಯುವಿನಲ್ಲಿ ಆಮ್ಲ ಕೂತು ನೋಯಿಸುತ್ತದೆ ಎಂಬ ಆ ಮಾತು ಇಂದಿಗೂ ಜಿಮ್ಮುಗಳಲ್ಲಿ ಓಡಾಡುತ್ತಿದೆ. ಆದರೆ ಓಡಿ ನಿಂತವರ ರಕ್ತದಲ್ಲಿ ಏರಿದ ಲ್ಯಾಕ್ಟೇಟ್ ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಎರಡು ದಿನದ ಮೇಲೆ ಬರುವ ನೋವಿಗೆ ಅದನ್ನು ಹೊಣೆ ಮಾಡಲಾಗದು.

ಹರಿಯುವುದು ಏನು ಎಂದು ತಿಳಿಯಲು ಎಳೆಯೊಳಗೆ ಇಣುಕಬೇಕು. ಒಂದೊಂದು ಸ್ನಾಯು ಎಳೆಯೊಳಗೂ ಸಾರ್ಕೊಮಿಯರ್ ಎಂಬ ಪುಟಾಣಿ ಘಟಕಗಳು ಸರಪಳಿಯ ಕೊಂಡಿಗಳಂತೆ ಸಾಲಾಗಿ ಕೂತಿವೆ. ಒಂದರ ಉದ್ದ ಸುಮಾರು 2ರಿಂದ 2.5 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ನಾನೂರರಿಂದ ಐನೂರು ಕೊಂಡಿಗಳು. ಎಲ್ಲ ಕೊಂಡಿಗಳ ಬಲವೂ ಒಂದೇ ಆಗಿರುವುದಿಲ್ಲ. ಭಾರ ಹಿಡಿದು ಉದ್ದವಾಗುವಾಗ ಬಲಹೀನ ಕೊಂಡಿಗಳು ಅಳತೆ ಮೀರಿ ಹಿಗ್ಗುತ್ತವೆ. ಕೆಲವು ತಿರುಗಿ ಜೋಡಣೆಗೆ ಬರುತ್ತವೆ, ಕೆಲವು ಬರುವುದಿಲ್ಲ. ಕೊಂಡಿ ಕೊಂಡಿಯ ನಡುವಿನ ತಡಿಕೆ ಸೊಟ್ಟಗಾಗುತ್ತದೆ, ಎಳೆಯ ಹೊರಪೊರೆ ಸೀಳುತ್ತದೆ. ಸೀಳಿನಿಂದ ಕ್ಯಾಲ್ಸಿಯಂ ಒಳಗೆ ನುಗ್ಗಿ, ಪ್ರೋಟೀನನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಒಳಗಿರಬೇಕಾದ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಹೊರಗೆ ಸೋರಿ ರಕ್ತ ಸೇರುತ್ತದೆ. ಲ್ಯಾಬಿನ ರಿಪೋರ್ಟಿನಲ್ಲಿ ಸಿಪಿಕೆ ಎಂದು ಅಚ್ಚಾಗುವುದು ಇದೇ. ಹಿಂದಿನ ದಿನ ಹೊಲದಲ್ಲಿ ಮೈ ಮುರಿದು ದುಡಿದು ಮಾರನೆಯ ದಿನ ರಕ್ತ ಕೊಟ್ಟವರ ರಿಪೋರ್ಟಿನಲ್ಲಿ ಈ ಅಂಕಿ ಏರಿದ್ದರೆ ಆಶ್ಚರ್ಯವಿಲ್ಲ. ದುಡಿಮೆಯ ಸಂಗತಿ ಹೇಳದಿದ್ದರೆ ವೈದ್ಯರು ಬೇರೆ ಕಾಯಿಲೆಯ ಬೆನ್ನು ಹತ್ತುವುದೂ ಉಂಟು.

ದುರಸ್ತಿ ಶುರುವಾಗುವುದು ಹಾಳಾದದ್ದನ್ನು ಗುಡಿಸಿ ಹಾಕುವುದರಿಂದ. ಗಾಯವಾದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಮುತ್ತುತ್ತವೆ, ಒಂದೆರಡು ದಿನದಲ್ಲಿ ಅವುಗಳ ಜಾಗಕ್ಕೆ ಮ್ಯಾಕ್ರೊಫೇಜ್‌ಗಳು ಬರುತ್ತವೆ. ಮೊದಲು ಬರುವ ಮ್ಯಾಕ್ರೊಫೇಜ್‌ಗಳು ಕಸ ತಿನ್ನುವ ಬಗೆಯವು, ಉರಿಯೂತ ಎಬ್ಬಿಸುವವು. ಎರಡನೆಯ ಮೂರನೆಯ ದಿನಕ್ಕೆ ಅವುಗಳ ಗುಣವೇ ಬದಲಾಗಿ, ಉರಿ ತಣಿಸಿ ಹೊಸ ಎಳೆ ಹೆಣೆಯಲು ನೆರವಾಗುವ ಬಗೆಯವಾಗುತ್ತವೆ. ಕೆಡವುವವರೇ ಕಟ್ಟುವವರಾಗುವ ಈ ಹೊರಳು ಹೊತ್ತಿಗೆ ಸರಿಯಾಗಿ ಆಗಬೇಕು. ಬೇಗ ಆದರೆ ಕಸ ಉಳಿಯುತ್ತದೆ, ತಡವಾದರೆ ಉರಿಯೂತ ಹಾಗೇ ಹಬೆಯಾಡುತ್ತದೆ.

ಹೆಣೆಯುವ ಕೆಲಸ ಮಾಡುವ ಕೋಶಗಳನ್ನು ಅಲೆಕ್ಸಾಂಡರ್ ಮಾರೊ ಎಂಬ ವಿಜ್ಞಾನಿ 1961ರಲ್ಲಿ ಕಪ್ಪೆಯ ಕಾಲಿನ ಸ್ನಾಯುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ ಕಂಡ. ಎಳೆಯ ಪೊರೆಗೂ ಅದರ ಹೊರ ಹೊದಿಕೆಗೂ ನಡುವೆ ಒತ್ತಿಕೊಂಡು ಮಲಗಿದ್ದ ಈ ಚಿಕ್ಕ ಕೋಶಗಳಿಗೆ ಅವನಿಟ್ಟ ಹೆಸರು ಉಪಗ್ರಹ ಕೋಶ. ಸ್ಪುಟ್ನಿಕ್ ಹಾರಿ ನಾಲ್ಕೇ ವರ್ಷವಾಗಿತ್ತು, ಆ ಪದ ಎಲ್ಲರ ನಾಲಿಗೆಯ ಮೇಲಿದ್ದ ಕಾಲ. ಇವು ಸ್ನಾಯುವಿನ ಮೂಲಕೋಶಗಳು. ಸಾಮಾನ್ಯ ದಿನಗಳಲ್ಲಿ ನಿದ್ದೆಯಲ್ಲಿರುತ್ತವೆ. ಗಾಯದ ಸುದ್ದಿ ತಲುಪಿದೊಡನೆ ಎದ್ದು, ಒಂದು ಎರಡಾಗಿ, ಎರಡು ನಾಲ್ಕಾಗಿ, ಹರಿದ ಎಳೆಗೆ ಕೂಡಿಕೊಂಡು ತೇಪೆ ಹಾಕುತ್ತವೆ. ಎಳೆ ಪೂರಾ ಸತ್ತಿದ್ದರೆ ತಾವೇ ಒಂದಕ್ಕೊಂದು ಬೆಸೆದು ಹೊಸ ಎಳೆಯಾಗುತ್ತವೆ. ಎಲ್ಲವೂ ಹೀಗೆ ಖರ್ಚಾಗುವುದಿಲ್ಲ. ಕೆಲವು ಮುಂದಿನ ಗಾಯಕ್ಕೆಂದು ಮತ್ತೆ ಮಲಗಲು ಹೋಗುತ್ತವೆ. ಬಿತ್ತನೆಗೆಂದು ರಾಗಿ ಎತ್ತಿಟ್ಟು ಉಳಿದದ್ದನ್ನು ಬೀಸಲು ಕೊಡುವ ರೈತನ ಮನೆಯ ಲೆಕ್ಕವೇ ಇದು. ಈ ನಿದ್ದೆ ಬರೀ ಸೋಮಾರಿತನವಲ್ಲ, ಕೋಶ ಕಷ್ಟಪಟ್ಟು ಕಾಪಾಡಿಕೊಳ್ಳುವ ಸ್ಥಿತಿ. ಈ ಸಂಗತಿಯ ಬೆನ್ನು ಹಿಡಿದು ಬಹುಕಾಲ ದುಡಿದ ಭಾರತೀಯ ವಿಜ್ಞಾನಿಗಳಲ್ಲಿ ಜ್ಯೋತ್ಸ್ನಾ ಧವನ್ ಒಬ್ಬರು. ಅವರ ಕೆಲಸ ನಡೆದದ್ದು ಹೈದರಾಬಾದಿನ ಸಿಸಿಎಂಬಿಯಲ್ಲಿ ಮತ್ತು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ.

ಹೀಗೆ ಕೂಡಿಕೊಂಡ ಎಳೆ ಅದೇ ಕೆಲಸಕ್ಕೆ ಎರಡನೆಯ ಸಲ ಅಷ್ಟು ಸುಲಭವಾಗಿ ಹರಿಯುವುದಿಲ್ಲ. ಎರಡು ವಾರ ಬಿಟ್ಟು ಅದೇ ಬೆಟ್ಟ ಇಳಿದರೆ ನೋವು ಅರ್ಧಕ್ಕೂ ಇರುವುದಿಲ್ಲ. ಒಂದು ಸಲದ ಗಾಯ ಕೊಡುವ ಈ ರಕ್ಷಣೆ ಹಲವು ವಾರ ಉಳಿಯುತ್ತದೆ.

ಇಷ್ಟು ಯಂತ್ರ ಮುಪ್ಪಿನಲ್ಲೂ ಇರುತ್ತದೆ. ಬದಲಾಗುವುದು ಅದರ ವೇಗ, ಅದರ ಸುತ್ತಲಿನ ಮಣ್ಣು. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಅರವತ್ತರ ನಂತರ ಇಳಿತ ಚುರುಕಾಗುತ್ತದೆ, ಗಾತ್ರಕ್ಕಿಂತ ಬಲ ಬೇಗ ಇಳಿಯುತ್ತದೆ. ಇದಕ್ಕೊಂದು ಹೆಸರು ಬೇಕೆಂದು ಹೊಳೆದದ್ದೇ ತೀರ ಈಚೆಗೆ, 1988ರಲ್ಲಿ. ಅಮೆರಿಕದ ಪೋಷಣಾ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಗ್ರೀಕ್ ಪದಗಳಿಂದ ‘ಸಾರ್ಕೊಪೀನಿಯಾ’ ಎಂದು ಕಟ್ಟಿದ. ಮಾಂಸದ ಬಡತನ ಎಂದು ಅದರ ಅರ್ಥ. ಹೆಸರಿಲ್ಲದ್ದಕ್ಕೆ ಸಂಶೋಧನೆಯ ಹಣ ಬರುವುದಿಲ್ಲ ಎಂಬ ವ್ಯವಹಾರ ಜ್ಞಾನವೂ ಆ ನಾಮಕರಣದ ಹಿಂದಿತ್ತು.

ಕರಗುವುದರಲ್ಲೂ ಒಂದು ಪಕ್ಷಪಾತವಿದೆ. ಸ್ನಾಯುವಿನಲ್ಲಿ ನಿಧಾನದ ಎಳೆಗಳು, ಚುರುಕಿನ ಎಳೆಗಳು ಎಂದು ಎರಡು ಬಗೆ. ನಿಂತುಕೊಳ್ಳಲು, ನಿಧಾನ ನಡೆಯಲು ಮೊದಲನೆಯವು ಸಾಕು. ಎಡವಿದಾಗ ತಟ್ಟನೆ ಕಾಲೂರಿ ಸಾವರಿಸಿಕೊಳ್ಳಲು, ಬಸ್ಸಿನ ಮೆಟ್ಟಿಲಿಗೆ ಹಾರಲು ಎರಡನೆಯವು ಬೇಕು. ಮುಪ್ಪಿನಲ್ಲಿ ಸಣ್ಣಗಾಗುವುದು ಹೆಚ್ಚಾಗಿ ಚುರುಕಿನ ಎಳೆಗಳು. ಅವುಗಳ ಮೇಲೆ ಮಲಗಿರುವ ಉಪಗ್ರಹ ಕೋಶಗಳೇ ಸಂಖ್ಯೆಯಲ್ಲಿ ಹೆಚ್ಚಾಗಿ ಇಳಿಯುತ್ತವೆ. ಇಳಿಜಾರಿನಲ್ಲಿ ಸುಲಭವಾಗಿ ಹರಿಯುವವೂ ಚುರುಕಿನ ಎಳೆಗಳೇ. ಜೊತೆಗೆ ಬೆನ್ನುಹುರಿಯಿಂದ ಬರುವ ಚಾಲಕ ನರಗಳಲ್ಲಿ ಕೆಲವು ಸಾಯುತ್ತವೆ. ಅನಾಥವಾದ ಎಳೆಗಳನ್ನು ಪಕ್ಕದ ನರ ಕವಲೊಡೆದು ದತ್ತು ತೆಗೆದುಕೊಳ್ಳುತ್ತದೆ, ಎಲ್ಲವನ್ನೂ ಅಲ್ಲ. ನರ ಸಿಗದ ಎಳೆ ಎಷ್ಟು ದುರಸ್ತಿಯಾದರೂ ದುಡಿಯದು.

ಗಾಯದ ನಂತರದ ದಿನಗಳಲ್ಲಿ ಮುಪ್ಪು ಏನು ಮಾಡುತ್ತದೆ ಎಂಬುದನ್ನು ಇಲಿಗಳಲ್ಲಿ ಸ್ಪಷ್ಟವಾಗಿ ನೋಡಲಾಗಿದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸೂಸನ್ ಬ್ರೂಕ್ಸ್ ಮತ್ತು ಜಾನ್ ಫಾಕ್ನರ್ 1990ರ ಆಸುಪಾಸಿನಲ್ಲಿ ಎಳೆಯ ಇಲಿ, ಮುದಿ ಇಲಿಗಳ ಕಾಲಿನ ಸ್ನಾಯುವನ್ನು ಭಾರದಡಿ ಹಿಗ್ಗಿಸಿ ಗಾಯ ಮಾಡಿ ಕಾದರು. ಎಳೆಯವು ಒಂದು ತಿಂಗಳಲ್ಲಿ ಮೊದಲಿನ ಬಲಕ್ಕೆ ಬಂದವು. ಮುದಿಯವು ಎರಡು ತಿಂಗಳಾದರೂ ಬರಲಿಲ್ಲ. ಒಳಗೆ ನೋಡಿದರೆ ಎಲ್ಲ ಹಂತವೂ ತುಸು ತಡ. ಉರಿಯೂತ ಬೇಗ ತಣಿಯುವುದಿಲ್ಲ, ಮ್ಯಾಕ್ರೊಫೇಜ್‌ಗಳ ಆ ಹೊರಳು ಹಿಂದೆ ಬೀಳುತ್ತದೆ. ಎಳೆಗಳ ನಡುವೆ ವಾಸಿಸುವ ಇನ್ನೊಂದು ಬಗೆಯ ಕೋಶಗಳು ಎಳೆ ಕಟ್ಟುವವರಿಗೆ ನೆರವಾಗುವುದು ಬಿಟ್ಟು ನಾರನ್ನೂ ಕೊಬ್ಬನ್ನೂ ತುಂಬಲು ತೊಡಗುತ್ತವೆ. ಹರಿದಲ್ಲಿ ಸ್ನಾಯು ಬರಬೇಕಾದ ಜಾಗಕ್ಕೆ ಗಂಟು ಬರುತ್ತದೆ. ಹೊಲದಲ್ಲಿ ಬೆಳೆಗಿಂತ ಮುಂಚೆ ಕಳೆ ಎದ್ದ ಹಾಗೆ.

ಉಪಗ್ರಹ ಕೋಶಗಳೇ ಮುದಿಯಾದವೋ, ಅವು ಕೂತ ಮಣ್ಣು ಮುದಿಯಾಯಿತೋ? ಈ ಶಾಸ್ತ್ರದ ಅತ್ಯಂತ ಸೊಗಸಾದ ಪ್ರಯೋಗಗಳು ಹುಟ್ಟಿದ್ದು ಈ ಪ್ರಶ್ನೆಯಿಂದ. 1989ರಲ್ಲಿ ಬ್ರೂಸ್ ಕಾರ್ಲ್ಸನ್ ಮತ್ತು ಫಾಕ್ನರ್ ಮುದಿ ಹೆಗ್ಗಣದ ಸ್ನಾಯುವನ್ನು ಕಿತ್ತು ಎಳೆಯ ಹೆಗ್ಗಣಕ್ಕೆ ನೆಟ್ಟರು, ಎಳೆಯದರದನ್ನು ಮುದಿಗೆ. ಎಳೆಯ ಮೈಯೊಳಗೆ ಕೂತ ಮುದಿ ಸ್ನಾಯು ಎಳೆಯ ಸ್ನಾಯುವಿನಷ್ಟೇ ಚೆನ್ನಾಗಿ ಚಿಗುರಿತು. ಮುದಿ ಮೈಯೊಳಗೆ ಬಿದ್ದ ಎಳೆಯ ಸ್ನಾಯು ಸೊರಗಿತು. ಯಾರ ಸ್ನಾಯು ಎನ್ನುವುದಕ್ಕಿಂತ ಯಾರ ಮೈ ಎನ್ನುವುದು ಮುಖ್ಯವಾಯಿತು. 2005ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಐರಿನಾ ಕಾನ್‌ಬಾಯ್, ಥಾಮಸ್ ರಾಂಡೊ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮುದಿ ಇಲಿಯನ್ನೂ ಎಳೆಯ ಇಲಿಯನ್ನೂ ಪಕ್ಕಕ್ಕೆ ಪಕ್ಕ ಹೊಲಿದು ಎರಡಕ್ಕೂ ಒಂದೇ ರಕ್ತ ಹರಿಯುವಂತೆ ಮಾಡಿದರು. ಎಳೆಯ ರಕ್ತದ ನಂಟಿನಲ್ಲಿ ಮುದಿ ಇಲಿಯ ಉಪಗ್ರಹ ಕೋಶಗಳು ಮತ್ತೆ ಎದ್ದು ದುಡಿದವು. ಗಾಯದ ಹೊತ್ತಿಗೆ ಅವುಗಳನ್ನು ಎಬ್ಬಿಸಬೇಕಾದ ನಾಚ್ ಎಂಬ ಸಂಕೇತ ಮುಪ್ಪಿನಲ್ಲಿ ಮಂಕಾಗಿತ್ತು, ಅದು ಮರಳಿತ್ತು. ಈ ಪ್ರಯೋಗವನ್ನು ತಪ್ಪಾಗಿ ಓದಿ ಹುಡುಗರ ರಕ್ತ ಕೊಂಡುಕೊಳ್ಳಲು ಹೊರಟ ಶ್ರೀಮಂತರೂ ಇದ್ದಾರೆ. ಅದಕ್ಕೆ ಆಧಾರವಿಲ್ಲ.

ಕೋಶಗಳದು ಏನೂ ತಪ್ಪಿಲ್ಲವೆಂದಲ್ಲ. 2014ರಲ್ಲಿ ಸ್ಪೇನಿನ ಸಂಶೋಧಕರು ತೀರ ಹಣ್ಣಾದ ಇಲಿಗಳಲ್ಲಿ, ಮನುಷ್ಯರ ಲೆಕ್ಕಕ್ಕೆ ಎಂಬತ್ತರ ಆಚೆಯ ವಯಸ್ಸಿನವುಗಳಲ್ಲಿ, ಉಪಗ್ರಹ ಕೋಶಗಳು ನಿದ್ದೆಯಿಂದ ಏಳಲಾಗದ ಮುಪ್ಪಿಗೆ ಜಾರಿರುವುದನ್ನು ತೋರಿಸಿದರು. ಎಳೆಯ ಮೈಗೆ ಕಸಿ ಮಾಡಿದರೂ ಅವು ಚೇತರಿಸಲಿಲ್ಲ. ಹಾಗಾಗಿ ಅರವತ್ತು, ಎಪ್ಪತ್ತರಲ್ಲಿ ದೋಷ ಹೆಚ್ಚಾಗಿ ಮಣ್ಣಿನದು, ತೀರ ಇಳಿವಯಸ್ಸಿನಲ್ಲಿ ಬೀಜದ್ದೂ ಸೇರುತ್ತದೆ ಎಂದು ಓದುವುದು ಸದ್ಯಕ್ಕೆ ಸರಿಯಾಗಿ ಕಾಣುತ್ತದೆ.

ಮನುಷ್ಯರ ಮೇಲಿನ ಪ್ರಯೋಗಗಳ ಫಲ ಇಲಿಗಳಷ್ಟು ಒಮ್ಮುಖವಾಗಿಲ್ಲ. ತೊಡೆಯಿಂದ ಸೂಜಿಯಲ್ಲಿ ಚೂರು ಸ್ನಾಯು ತೆಗೆದು ನೋಡಿದ ಅಧ್ಯಯನಗಳಲ್ಲಿ, ಒಂದು ಸಲದ ಭಾರದ ವ್ಯಾಯಾಮಕ್ಕೆ ಹಿರಿಯರ ಉಪಗ್ರಹ ಕೋಶಗಳು ಯುವಕರವಕ್ಕಿಂತ ತಡವಾಗಿ ಮತ್ತು ಕಡಿಮೆ ಸಂಖ್ಯೆಯಲ್ಲಿ ಏಳುತ್ತವೆ. ಆದರೆ ಬಲ ಎಷ್ಟು ದಿನಕ್ಕೆ ಮರಳಿತು ಎಂದು ಅಳೆದರೆ, ಆರೋಗ್ಯವಾಗಿ ಓಡಾಡಿಕೊಂಡಿರುವ ಅರವತ್ತರವರು ಇಪ್ಪತ್ತರವರಿಗೆ ಹೆಚ್ಚು ಹಿಂದೆ ಬೀಳದ ಪ್ರಯೋಗಗಳೂ ಸಾಕಷ್ಟಿವೆ. ಹಿಂದೆ ಬೀಳುವವರು ಮುಖ್ಯವಾಗಿ ಕೂತು ಕಾಲ ಕಳೆದವರು, ಕಾಯಿಲೆಯಿಂದ ಎದ್ದವರು, ಸರಿಯಾಗಿ ಉಣ್ಣದವರು. ಇನ್ನೊಂದು ವಿಚಿತ್ರವಿದೆ: ಹಲವು ಪ್ರಯೋಗಗಳಲ್ಲಿ ಹಿರಿಯರು ಯುವಕರಷ್ಟು ನೋವನ್ನೇ ಹೇಳಿಕೊಂಡಿಲ್ಲ. ನೋವು ಕಡಿಮೆ ಎಂದರೆ ಗಾಯ ಕಡಿಮೆ ಎಂದಲ್ಲ. ಅರವತ್ತು ದಾಟಿದವರಿಗೆ ನೋವು ಅಷ್ಟೇನೂ ನಂಬಬಹುದಾದ ಅಳತೆಗೋಲಲ್ಲ. ಮೆಟ್ಟಿಲಲ್ಲಿ ಕಾಲು ನಡುಗುವುದು, ಎದ್ದು ನಿಲ್ಲಲು ಕೈ ಊರಬೇಕಾಗುವುದು ಅದಕ್ಕಿಂತ ಖಚಿತ.

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಇದನ್ನೆಲ್ಲ ಪುಸ್ತಕವಿಲ್ಲದೆ ನೋಡಬಹುದು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಕವಲೊಡೆಯುವ ಹಳಿಯ ಮೇಲೆ ಕೋರಮಂಡಲ್ ಒಂದು ಸಣ್ಣ ನಿಲ್ದಾಣ. ಸುತ್ತಲಿನ ಕಾಲೋನಿಗಳಲ್ಲಿ ಮನೆಮಾತು ತಮಿಳು, ತೆಲುಗು, ಕನ್ನಡ ಯಾವುದಿದ್ದರೂ ಈ ನೋವಿಗೆ ಎಲ್ಲರೂ ಹೇಳುವುದು ‘ಬಾಡಿ ಪೇನ್’ ಎಂದೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗೆ ಕಾಲಿಟ್ಟ ಮೇಲೆ ಇಲ್ಲಿ ತಲೆಮಾರುಗಳು ದುಡಿದದ್ದು ಕೆಳಗೆ ಇಳಿದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಶಾಫ್ಟಿನಲ್ಲಿ ಕೇಜ್ ಇಳಿಸುತ್ತಿತ್ತು ನಿಜ, ಅದರಾಚೆಗೆ ಏಣಿ ಇಳಿಯುವುದು, ಮರದ ದಿಮ್ಮಿ ಇಳಿಸುವುದು, ಬಂಡೆಗೆ ಡ್ರಿಲ್ ಒತ್ತಿ ಹಿಡಿಯುವುದು ಎಲ್ಲ ಮೈಯದೇ ಕೆಲಸ. ದಿನಾ ಅದೇ ಕೆಲಸ ಮಾಡಿದ ಮೈಯಲ್ಲಿ ಎಳೆಗಳು ಅದೇ ಜಗ್ಗಿಗೆ ಒಗ್ಗಿಕೊಂಡಿದ್ದವು. 2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಬಿಜಿಎಂಎಲ್ ಕಂಪನಿ ಮುಚ್ಚಿತು. ಆಗ ನಲವತ್ತರಲ್ಲಿದ್ದವರು ಈಗ ಅರವತ್ತೈದರ ಆಸುಪಾಸಿನಲ್ಲಿದ್ದಾರೆ. ಒಂದು ಕಾಲಕ್ಕೆ ಡ್ರಿಲ್ ಹಿಡಿದ ತೋಳು ಈಗ ಮೊಮ್ಮಕ್ಕಳ ಸ್ಕೂಲ್ ಬ್ಯಾಗಿಗೆ ಬಳಲುತ್ತಿದ್ದರೆ ಕಾರಣ ವಯಸ್ಸು ಒಂದೇ ಅಲ್ಲ. ಒಗ್ಗಿಕೆ ಹಲವು ವಾರ ಉಳಿಯುತ್ತದೆ, ವರ್ಷಗಟ್ಟಲೆ ಉಳಿಯುವುದಿಲ್ಲ. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ತಗುಲಿದವರಿಗೆ ಇದು ಇನ್ನೂ ಕಷ್ಟ: ಉಸಿರು ಸಾಲದೆ ನಡಿಗೆ ಕಡಿಮೆಯಾಗುತ್ತದೆ, ನಡಿಗೆ ಕಡಿಮೆಯಾಗಿ ತೊಡೆ ಬಡವಾಗುತ್ತದೆ, ತೊಡೆ ಬಡವಾದಷ್ಟೂ ನಡೆಯುವಾಗ ಉಸಿರು ಹೆಚ್ಚು ಬೇಕಾಗುತ್ತದೆ. (ಗಣಿಯ ತ್ಯಾಜ್ಯ ಸುರಿದು ಎದ್ದ ಸೈನೈಡ್ ದಿಬ್ಬಗಳು ವ್ಯಾಯಾಮಕ್ಕೆ ಚೆನ್ನಾದ ಏರಿಳಿತದಂತೆ ಕಂಡರೂ, ಗಾಳಿಗೆ ಏಳುವ ಆ ಮಣ್ಣಿನ ಧೂಳು ಇಂಥವರಿಗೆ ಹೇಳಿಸಿದ್ದಲ್ಲ.)

ಗಾಯಕ್ಕಿಂತ ವಿಶ್ರಾಂತಿಯೇ ಹೆಚ್ಚು ಕಳೆಯುವ ಸಂದರ್ಭಗಳಿವೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದಾಗ ಕಾಲುಗಳಿಂದಲೇ ಒಂದು ಕಿಲೋಗೆ ಹತ್ತಿರ ಹತ್ತಿರ ಮಾಂಸ ಕರಗಿತ್ತು. ಮೈಕೈ ನೋವು ಬಂದಾಗ ‘ವಾರ ಮಲಗಿಬಿಡಿ’ ಎನ್ನುವ ಅಕ್ಕಪಕ್ಕದವರ ಸಲಹೆ ಇದೇ ಕಾರಣಕ್ಕೆ ಒಳ್ಳೆಯದಲ್ಲ. ಹರಿದ ಎಳೆಗೆ ಎರಡು ಮೂರು ದಿನ ಭಾರ ತಪ್ಪಿಸಬೇಕು, ನಡಿಗೆಯನ್ನಲ್ಲ. ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ದುಕೊಳ್ಳುವುದರಿಂದ ಎಳೆ ಬೇಗ ಕೂಡುತ್ತದೆ ಎನ್ನಲಾಗದು, ಬಿಗಿ ಸಡಿಲವಾಗಿ ಓಡಾಡಲು ಮನಸ್ಸು ಬರುತ್ತದೆ. ಅಷ್ಟಾದರೂ ಸಾರ್ಥಕವೇ.

ದುರಸ್ತಿಗೆ ಸಾಮಾನು ಊಟದಿಂದ ಬರಬೇಕು. ಇಲ್ಲಿ ಮುಪ್ಪು ಇನ್ನೊಂದು ತೊಡಕು ತರುತ್ತದೆ. ಊಟದ ಪ್ರೋಟೀನನ್ನು ಸ್ನಾಯು ಎಳೆದುಕೊಳ್ಳುವ ಚುರುಕು ತಗ್ಗುತ್ತದೆ. ಯುವಕನ ಸ್ನಾಯು ಒಂದು ಹೊತ್ತಿಗೆ ತೂಕದ ಪ್ರತಿ ಕಿಲೋಗೆ ಕಾಲು ಗ್ರಾಮಿನಷ್ಟು ಪ್ರೋಟೀನಿಗೇ ಪೂರ್ತಿ ಎಚ್ಚರಗೊಂಡರೆ, ಹಿರಿಯರದಕ್ಕೆ 0.4 ಗ್ರಾಮ್ ಬೇಕಾಗುತ್ತದೆ. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಮ್ ಎಂದು ಗೊತ್ತುಪಡಿಸಿದೆ. ಮುಪ್ಪಿನ ಪೋಷಣೆಯನ್ನು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ತಜ್ಞರ ಗುಂಪುಗಳು ಹಿರಿಯರಿಗೆ 1ರಿಂದ 1.2 ಗ್ರಾಮ್ ಬೇಕೆನ್ನುತ್ತವೆ. 55 ಕಿಲೋ ತೂಗುವ ಒಬ್ಬ ಅಜ್ಜಿಗೆ ಅದು ದಿನಕ್ಕೆ 55ರಿಂದ 66 ಗ್ರಾಮ್, ಒಂದು ಹೊತ್ತಿಗೆ 20ಕ್ಕೂ ಮೇಲೆ.

ಬಂಗಾರಪೇಟೆ ಕಡೆಯ ಒಂದು ಮಧ್ಯಾಹ್ನದ ತಟ್ಟೆಯಲ್ಲಿ ಇದನ್ನು ಎಣಿಸಿ ನೋಡಬಹುದು. 100 ಗ್ರಾಮ್ ಹಿಟ್ಟಿನ ಮುದ್ದೆಯಲ್ಲಿ ಸುಮಾರು 7 ಗ್ರಾಮ್ ಪ್ರೋಟೀನು. ಜೊತೆಗೆ ಹುರುಳಿಕಾಳಿನ ಬಸ್ಸಾರು. ಕಾಳು ಬೇಯಿಸಿ, ಬಸಿದ ಕಟ್ಟಿಗೆ ಖಾರ ಬೆರೆಸಿ ಸಾರು ಮಾಡುತ್ತಾರೆ, ಬಸಿದುಳಿದ ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ಹುರುಳಿಯಲ್ಲಿ ನೂರಕ್ಕೆ 22 ಗ್ರಾಮಿನಷ್ಟು ಪ್ರೋಟೀನು ಇದೆ, ಮತ್ತು ಅದರ ಬಹುಭಾಗ ಕಾಳಿನಲ್ಲೇ ಉಳಿಯುತ್ತದೆ, ಕಟ್ಟಿಗೆ ಬರುವುದು ಕಡಿಮೆ. ಹಲ್ಲು ಹೋದ ಅಜ್ಜಿ ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ, ಅಗಿಯಲಾಗದ ಪಲ್ಯವನ್ನು ಮೊಮ್ಮಗನ ತಟ್ಟೆಗೆ ತಳ್ಳಿದಾಗ ಸ್ನಾಯುವಿಗೆ ಬೇಕಾದದ್ದು ಆ ಪಲ್ಯದ ಜೊತೆ ಹೋಯಿತು. 30 ಗ್ರಾಮ್ ಕಾಳನ್ನು ನುಣ್ಣಗೆ ರುಬ್ಬಿ ಸಾರಿಗೇ ಸೇರಿಸಿದ್ದರೆ ಇನ್ನು ಆರೇಳು ಗ್ರಾಮ್, ಮೇಲೊಂದು ಲೋಟ ಹಾಲಿಗೆ ಆರು ಗ್ರಾಮ್, ಲೆಕ್ಕ ಇಪ್ಪತ್ತರ ಹತ್ತಿರ ಬರುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ ಆರು ಗ್ರಾಮ್.

ರಾಗಿಗೆ ಕಾಳು ಜೊತೆಯಾಗಬೇಕಾದ ಕಾರಣ ಬರೀ ತೂಕದ್ದಲ್ಲ. ರಾಗಿ, ಅಕ್ಕಿ, ಗೋಧಿಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಹೇರಳ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಅನುರ ಕುರ್ಪಾಡ್ ಮತ್ತು ಸಂಗಡಿಗರು ಭಾರತೀಯರಿಗೆ ಬೇಕಾದ ಲೈಸಿನ್ ಎಷ್ಟೆಂದು ಅಳೆದಾಗ ಬಂದ ಉತ್ತರ ಕಿಲೋಗೆ ದಿನಕ್ಕೆ 30 ಮಿಲಿಗ್ರಾಮ್. 1985ರ ವಿಶ್ವ ಆರೋಗ್ಯ ಸಂಸ್ಥೆಯ ವರದಿ 12 ಸಾಕೆಂದಿತ್ತು. 2007ರ ವರದಿ 30ಕ್ಕೆ ಬಂತು. ಜಗತ್ತಿನ ಲೆಕ್ಕ ತಿದ್ದಿದ ಕೆಲಸಗಳಲ್ಲಿ ಇದೂ ಒಂದು, ಕರ್ನಾಟಕದಲ್ಲಿ ಇದರ ಸುದ್ದಿ ಆಗಬೇಕಾದಷ್ಟು ಆಗಲಿಲ್ಲ.

ನೋವಿನ ಮಾತ್ರೆಯ ವಿಷಯದಲ್ಲಿ ವಯಸ್ಸು ಲೆಕ್ಕವನ್ನು ತಲೆಕೆಳಗು ಮಾಡಿದೆ. ಐಬುಪ್ರೊಫೆನ್‌ನಂಥ ಮಾತ್ರೆ ಉರಿಯೂತವನ್ನೇ ತಗ್ಗಿಸುವುದರಿಂದ ದುರಸ್ತಿಗೂ ಅಡ್ಡಿ ಎಂಬ ವಾದವಿದೆ. ಯುವಕರು ಹೆಚ್ಚು ಪ್ರಮಾಣದಲ್ಲಿ ದಿನವೂ ನುಂಗಿದಾಗ ವ್ಯಾಯಾಮದ ಫಲ ಕಡಿಮೆಯಾದದ್ದು ಪ್ರಯೋಗದಲ್ಲಿ ಕಂಡಿದೆ. ಹಿರಿಯರಲ್ಲಿ 2011ರಲ್ಲಿ ಪ್ರಕಟವಾದ 12 ವಾರದ ಪ್ರಯೋಗದಲ್ಲಿ ಮಾತ್ರೆ ನುಂಗಿದವರ ಸ್ನಾಯುವೇ ಹೆಚ್ಚು ಬೆಳೆದಿತ್ತು. ಸದಾ ಹಬೆಯಾಡುವ ಉರಿಯೂತವನ್ನು ಮಾತ್ರೆ ತಣಿಸಿರಬಹುದು. ಇದನ್ನು ಓದಿ ಮೆಡಿಕಲ್ ಸ್ಟೋರಿಗೆ ಹೊರಡುವಂತಿಲ್ಲ. ಮೂತ್ರಪಿಂಡ, ಹೊಟ್ಟೆ, ಬಿಪಿ ಮೂರಕ್ಕೂ ಈ ಮಾತ್ರೆಗಳಿಂದ ಇಳಿವಯಸ್ಸಿನಲ್ಲಿ ಅಪಾಯ ಹೆಚ್ಚು. ರಕ್ತದ ಕೊಲೆಸ್ಟರಾಲ್ ಇಳಿಸಲು ಸ್ಟ್ಯಾಟಿನ್ ನುಂಗುವವರಲ್ಲಿ ಮೈಕೈ ನೋವಿಗೆ ಕೆಲವೊಮ್ಮೆ ಆ ಮಾತ್ರೆಯೇ ಕಾರಣವಿರುತ್ತದೆ. ವೈದ್ಯರನ್ನು ಕೇಳದೆ ನಿಲ್ಲಿಸುವುದೂ ತಪ್ಪು. ದುಡಿಮೆಯ ನಂತರ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯುವ ಮಾತಿಲ್ಲ. ಅಷ್ಟು ಸ್ನಾಯು ಒಡೆದು ಅದರ ಕೆಂಪು ಪ್ರೋಟೀನು ಮೂತ್ರಪಿಂಡ ಸೇರುತ್ತಿದೆ ಎಂದು ಅರ್ಥ, ಆಸ್ಪತ್ರೆಗೇ ಹೋಗಬೇಕು.

ಮುದಿ ಸ್ನಾಯು ಎಷ್ಟರ ಮಟ್ಟಿಗೆ ಮರಳಬಲ್ಲದು ಎಂಬುದಕ್ಕೆ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಮರಿಯಾ ಫಿಯಟರೋನ್ 1990ರಲ್ಲಿ ವರದಿ ಮಾಡಿದ ಪ್ರಯೋಗ ಇಂದಿಗೂ ಎತ್ತಿ ಹೇಳುವಂಥದ್ದು. ತೊಂಬತ್ತರ ಆಸುಪಾಸಿನ ಹತ್ತು ಮಂದಿ, ಎಲ್ಲರೂ ಬಲ ಕುಂದಿದವರು. ಎಂಟು ವಾರ ಕಾಲಿಗೆ ಭಾರ ಕಟ್ಟಿ ಎತ್ತಿ ಇಳಿಸಿದರು. ಪೂರ್ತಿ ಮುಗಿಸಿದವರ ತೊಡೆಯ ಬಲ ಸರಾಸರಿ ಶೇಕಡಾ 174 ಏರಿತು. ಎತ್ತುವುದರಷ್ಟೇ ಇಳಿಸುವುದೂ ಆ ವ್ಯಾಯಾಮದ ಭಾಗ. ಗಾಯ ಮಾಡುವ ಅದೇ ಜಗ್ಗು, ಅಳತೆಯಲ್ಲಿ ಕೊಟ್ಟಾಗ, ಎಳೆಯನ್ನು ಗಟ್ಟಿ ಮಾಡುತ್ತದೆ.

ಬಲ ಕುಂದಿದೆಯೋ ಇಲ್ಲವೋ ನೋಡಲು ಯಂತ್ರ ಬೇಕಿಲ್ಲ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿಕೊಟ್ಟ ಗುರುತುಗಳಲ್ಲಿ ಒಂದಕ್ಕೆ ಟೈಲರ್ ಟೇಪು ಸಾಕು: ಮೀನಖಂಡದ ದಪ್ಪ ಭಾಗದ ಸುತ್ತಳತೆ ಗಂಡಸರಲ್ಲಿ 34 ಸೆಂಟಿಮೀಟರಿಗಿಂತ, ಹೆಂಗಸರಲ್ಲಿ 33ಕ್ಕಿಂತ ಕಡಿಮೆಯಿದ್ದರೆ ಅನುಮಾನಿಸಬೇಕು. ಇನ್ನೊಂದಕ್ಕೆ ಒಂದು ಕುರ್ಚಿ ಸಾಕು. ಕೈ ಎದೆಗೆ ಕಟ್ಟಿ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬಲ ಕುಂದಿದೆ ಎಂದು ಲೆಕ್ಕ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಮಂದಿಯನ್ನು ವರ್ಷವರ್ಷವೂ ಹಿಂಬಾಲಿಸುವ ಗುರಿಯಿಟ್ಟು 2018ರಿಂದ ಅಧ್ಯಯನ ನಡೆಸುತ್ತಿದೆ. ಅದರ ಕಣ್ಣು ಮುಖ್ಯವಾಗಿ ಮಿದುಳಿನ ಮುಪ್ಪಿನ ಮೇಲೆ. ಗಣಿ ಮುಚ್ಚಿದ ಊರಿನ ಸ್ನಾಯುಗಳ ಮೇಲೂ ಅಂಥದೊಂದು ದೀರ್ಘ ನೋಟ ಬಿದ್ದರೆ ಕಲಿಯುವುದು ಬಹಳ ಇದೆ.

ಹಿರಿಯರಿಗೆ ಇಳಿಜಾರನ್ನು ಪೂರ್ತಿ ಬಿಡಿಸುವುದಕ್ಕಿಂತ ಗುಟುಕು ಗುಟುಕಾಗಿ ಅಭ್ಯಾಸ ಮಾಡಿಸುವುದು ಹೆಚ್ಚು ಫಲ ಕೊಡುತ್ತದೆ. ಕುರ್ಚಿಯ ಮೇಲೆ ಧೊಪ್ಪನೆ ಬೀಳದೆ ನಾಲ್ಕು ಎಣಿಸುತ್ತ ಕೂರುವುದು ಮೊದಲ ಮೆಟ್ಟಿಲು. ಅದು ಮೈಗೂಡಿದ ಮೇಲೆ ಮನೆಯ ಜಗಲಿ. ಆಮೇಲೆ ನಿಲ್ದಾಣದ ಮೇಲ್ಸೇತುವೆಯ ಹತ್ತು ಮೆಟ್ಟಿಲು, ಕಂಬಿ ಹಿಡಿದು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಎರಡು ಮೂರು ದಿನ ಬಿಡುವು, ನಡುವೆ ಸಮತಟ್ಟಿನಲ್ಲಿ ನಡಿಗೆ. ಒಂದು ಸಲದ ಹಗುರ ಗಾಯ ಮುಂದಿನ ಸಲಕ್ಕೆ ಕೊಡುವ ರಕ್ಷಣೆ ಎಪ್ಪತ್ತರಲ್ಲೂ ಕೆಲಸ ಮಾಡುತ್ತದೆ, ಯುವಕರಿಗೆ ಕೊಡುವಷ್ಟಲ್ಲದಿದ್ದರೂ. ತಗ್ಗು ಪ್ಲಾಟ್‌ಫಾರ್ಮಿನ ಸಣ್ಣ ನಿಲ್ದಾಣದಲ್ಲಿ ರೈಲಿನ ಕೊನೆಯ ಮೆಟ್ಟಿಲಿಂದ ನೆಲಕ್ಕೆ ಕಾಲಿಡುವ ಆ ಒಂದು ಕ್ಷಣದಲ್ಲಿ ಮೈ ಭಾರವೆಲ್ಲ ಹಿಂದಿನ ಕಾಲಿನ ತೊಡೆಯ ಮೇಲಿರುತ್ತದೆ, ಅದು ಹಿಗ್ಗುತ್ತಲೇ ಹಿಡಿದಿರಬೇಕಾಗುತ್ತದೆ. ಆ ತೊಡೆ ಹಿಂದಿನ ವಾರಗಳಲ್ಲಿ ಕುರ್ಚಿಯ ಮೇಲೆ ನಾಲ್ಕು ಎಣಿಸಿದ್ದರೆ, ಇಳಿದವರು ಕಂಬಿ ಬಿಟ್ಟು ಚೀಲ ಹೆಗಲಿಗೇರಿಸಿಕೊಂಡು ನಡೆಯುತ್ತಾರೆ.